ಹಾಡ ಯಾವಾಗ ಸುರು ಅಕ್ಕೈತಿ?

ಬೆಟಗೇರಿ
೯ ಜನವರಿ ೨೦೧೮

ಅಣ್ಣಾ,

ಸಲಾಂ ಆಮ್ಯಾಲ ಹೇಳ್ತೀನಿ, ಮೊದಲ ಜಗಳ.

ಅರಳಿ ಹಿಂಜೋ ಮಶೀನು ನೀಲಪ್ಪಗ ಕೊಟ್ಟು ಗಾದಿ ಅಂಗಡಿ ಬಾಗಲಾ ಹಾಕ್ತೀನಿ ಅಂದೀಯಂತ. ವೈನಿ ಫೋನಿನ್ಯಾಗ ಅಳಕೋಂತ ಹೇಳಿದ್ರು. ಅಪ್ಪ ಹಿಂಜೋ ಬಿಲ್ಲು ಹೆಗಲಿಗೆ ಹಾಕ್ಕೊಂಡು ಶಿಗ್ಲಿ, ಯಳವತ್ತಿ, ಶಿರಹಟ್ಟಿ ಓಣಿ ಓಣಿ ತಿರಗಿ, ಮಂದಿ ಮನಿ ಅಂಗಳದಾಗ ಅರಳಿ ಹಿಂಜಿ ಕಟ್ಟಿದ ಕಸಬು ಇದು. ಲಕ್ಷ್ಮೇಶ್ವರದಾಗ ಮದಿವಿ ಅಂದ್ರ ಮೊದಲ ಶೇಖಸಾಬನ ಗಾದಿ ಬರಲಿ, ಆಮ್ಯಾಲ ಮದಮಗ ಬರಲಿ ಅಂತಿದ್ರು. ಅದನ್ನ ನನಗೊಂದು ಮಾತ ಹೇಳದ ಮುಗಸ್ತೀಯೇನು? ನಾ ಏನು ಹೊರಗಿನಾಕಿ ಏನು?

ನಿನ್ನ ಕಿವಿ ಸಂಕಟ ನನಗ ಗೊತ್ತಿಲ್ಲ ಅಂತಲ್ಲ. ಡಾಕ್ಟರ್ ಹೇಳಿದ್ದು ವೈನಿ ಹೇಳ್ಯಾರ. ಮಶೀನಿನ ಸಪ್ಪಳಕ್ಕ ಕಿವಿ ಒಳಗ ಪೆಟ್ಟ ಬಿದ್ದೈತಿ, ಆ ಗುಂಯ್ ಅನ್ನೋದು ಪೂರಾ ಹೋಗಂಗಿಲ್ಲ, ಅದರ ಕೂಡ ಬಾಳೇವು ಮಾಡೂದು ಕಲೀಬೇಕು, ಕೆಲಸಕ್ಕ ಕುಂತಾಗ ಕಿವಿ ಮುಚ್ಚಿಕೋಬೇಕು ಅಂತ. ಮುಚ್ಚಿಕೋ ಅಂದ್ರು, ಅಂಗಡಿ ಮುಚ್ಚು ಅನ್ನಲಿಲ್ಲ. ಫೋನ್ ಹಿಡಿದ್ರ ಕಿವಿ ಚುಚ್ಚತೈತಿ ಅಂತ ನೀ ಫೋನ್ ಮುಟ್ಟಂಗಿಲ್ಲ, ಅದಕ್ಕ ಈ ಕಾಗದ. ಗದಗ ಬಸ್ಸಿನ ಕಂಡಕ್ಟರ್ ಹೇಮಪ್ಪನ ಕೈಯಾಗ ಕೊಟ್ಟು ಕಳಸ್ತೀನಿ. ಉತ್ತರಾನೂ ಅವನ ಕೈಯಾಗ ಬರಬೇಕು.

ಕಾಗದದ ಕೂಡ ಒಂದು ಸಣ್ಣ ಸ್ಪೀಕರ್ ಡಬ್ಬಿ ಐತಿ, ಉಗುರಿನಷ್ಟು ಒಂದು ಕಾರ್ಡ್ ಐತಿ. ಕಾರ್ಡಿನ್ಯಾಗ ನಾ ಮಾಡಿದ ಸಂಗೀತ. ನಗಬ್ಯಾಡ. ಹುಲಕೋಟಿ ಆಫೀಸಿನ್ಯಾಗ ಕಂಪ್ಯೂಟರ್ ಕುಟ್ಟಿ ಬಂದು, ಮನಿ ಕೆಲಸಾ ಮುಗಸಿ, ಅಪ್ಪ ಹೋದಾಗಿನಿಂದ ಇದನ್ನ ಮಾಡಾಕತ್ತೀನಿ. ಇಂಟರ್ನೆಟ್ಟಿನ್ಯಾಗ ಇಟ್ಟೀನಿ, ಕೇಳಾವರು ಬೆರಳೆಣಿಕಿಯಷ್ಟು ಮಂದಿ. ಅದರಾಗ ನೀನೂ ಒಬ್ಬ ಆಗು. ಇದು ಕಿವಿಗೆ ತಂಪು, ನನ್ನ ಮ್ಯಾಲ ಭರೋಸಾ ಇಡು.

ಯುಗಾದಿತನಕ ಮಶೀನು ಮಾರಬ್ಯಾಡ. ಇಷ್ಟ ಬೇಡ್ತೀನಿ. ಬೇಡೂದೇನು, ಹೇಳಾಕತ್ತೀನಿ.

ನಿನ್ನ ಹಟಮಾರಿ ತಂಗಿ
ಅಮೀರಾ


ಲಕ್ಷ್ಮೇಶ್ವರ
೧೬ ಜನವರಿ ೨೦೧೮

ಅಮೀರಾ,

ಜಗಳ ಮುಟ್ಟಿತು, ಡಬ್ಬಿನೂ ಮುಟ್ಟಿತು.

ನೋಡವಾ, ದೂರ ಕುಂತು ಹೇಳೂದು ಸಸಾರ. ನನ್ನ ಕಿವ್ಯಾಗ ಒಂದು ಜೀರುಂಡಿ ಕುಂತೈತಿ. ಮಶೀನ್ ಬಂದ್ ಮಾಡಿದ ಕೂಡ್ಲೆ ಅದು ಚಾಲೂ. ಉಣ್ಣೂ ಮುಂದ ಐತಿ, ನಮಾಜಿಗೆ ನಿಂತ್ರ ಐತಿ. ಸುಮ್ಮನ ಕುಂಡ್ರೂದು ಅಂದ್ರ ಹೆಂಗಿತ್ತು ಅನ್ನೋದ ಮರತು ಹೋಗೈತಿ. ಊರಿಗೆಲ್ಲಾ ಮೆತ್ತನ ಗಾದಿ ಹೊಲದು ಕೊಡಾಂವಾ ನಾನು, ನನ್ನ ಗಾದಿ ಮ್ಯಾಲ ಮುಳ್ಳಿನ ಮ್ಯಾಲ ಬಿದ್ದಂಗ ಹೊಳ್ಳಾಡ್ತೀನಿ.

ಮೊನ್ನೆ ಯಳವತ್ತಿ ಹುಲಗಪ್ಪ ಬಂದಿದ್ದ, ಮಗಳು ಪ್ರಿಯಾಂಕಾನ ಮದಿವಿಗೆ ಗಾದಿ ದಿಂಬು ಹೇಳಾಕ. ಅರಳಿ ಇನ್ನಷ್ಟು ಬೆಳ್ಳಗ ಇದ್ದಿದ್ರ ಛಲೋ ಇತ್ತಲ್ಲೋ ದಾದಾಪೀರ ಅಂದ, ಅಷ್ಟ. ಎದ್ದು ಬಾಯಿಗೆ ಬಂದಂಗ ಬೈದೆ. ಅಪ್ಪನ ಕಾಲದ ಗಿರಾಕಿ! ನಿನ್ನ ವೈನಿ ಮೆಹನಾಜ ಬಸ್‌ಸ್ಟ್ಯಾಂಡಿನ ತನಕ ಓಡಿ ಹೋಗಿ ಕೈಕಾಲ ಬಿದ್ದು ಕರಕೊಂಡು ಬಂದ್ಲು. ಅಂವಾ ದೊಡ್ಡ ಮನಷಾ, ನಕ್ಕ. ನನಗ ಮಾತ್ರ ನಾಚಿಕಿ ಆತು. ಗಿರಾಕಿನ ಬೈಯಾಂವಾ ಅಂಗಡಿ ಯಾಕ ಇಡಬೇಕು, ಹೇಳು.

ನಿನ್ನ ಸಂಗೀತಾನೂ ಕೇಳಿದೆ. ಸಂಜಿ ಮುಂದ ಮೆಹನಾಜ ಕಾರ್ಡ್ ಹಾಕಿ ಗುಂಡಿ ಒತ್ತಿದ್ಲು. ಹಾಡ ಸುರು ಆಗಲಿ ಅಂತ ಚಕ್ಕಳಮಕ್ಕಳ ಹಾಕ್ಕೊಂಡು ಕುಂತೆ. ಏನೋ ಊಂ ಅಂತು. ಆಡಿನ ಕೊಳ್ಳಾಗಿನ ಗಂಟಿ ಸಪ್ಪಳಾತು. ಮತ್ತ ಊಂ. ಯಾರದೋ ಆಡ ಒಳಗ ಬಂದಾವು ಅಂತ ಮೆಹನಾಜ ಕೋಲ ತಗೊಂಡು ಹಿತ್ತಲ ನೋಡಿ ಬಂದ್ಲು. ಆಕಿ ರೊಟ್ಟಿ ಬಡದು ಮುಗದ್ವು, ಪಲ್ಲೆ ಇಳೀತು, ಹಾಡ ಇನ್ನೂ ಸುರು ಆಗಲಿಲ್ಲ. ಯಾವಾಗ ಸುರು ಅಕ್ಕೈತಿ ಅಂತ ಬರದು ಕಳಸು, ಆ ಹೊತ್ತಿಗೆ ಬಂದು ಕುಂಡ್ರತೀನಿ.

ನೀಲಪ್ಪಗ ಯುಗಾದಿ ಆಗಲಿ ಅಂದೀನಿ. ನಿನ್ನ ಹಟಕ್ಕ ಅಂದೀನಿ, ನಿನ್ನ ಸಂಗೀತಕ್ಕಲ್ಲ.

ದಾದಾಪೀರ


ಬೆಟಗೇರಿ
೨೦ ಜನವರಿ ೨೦೧೮

ಅಣ್ಣಾ,

ಸುರು ಆಗಂಗಿಲ್ಲ. ಅದ ಅದರ ಸುಖ!

ವೈನಿ ಕೋಲ ಹಿಡಕೊಂಡು ಹಿತ್ತಲಕ್ಕ ಹೋದದ್ದು ಓದಿ ನಕ್ಕು ನಕ್ಕು ಹೊಟ್ಟಿ ಹಿಡಕೊಂಡೆ. ಆ ಆಡು ಮುಂಡರಗಿ ಕಡೆ ಗುಡ್ಡದಾಗ ಸಿಕ್ಕಿದ್ದು. ಊಂ ಅನ್ನೋದು ಅಲ್ಲೇ ಗುಡ್ಡದ ಮ್ಯಾಲ ತಿರಗ್ತಾವಲ್ಲ ದೊಡ್ಡ ದೊಡ್ಡ ಗಾಳಿ ಪಂಕಾ, ಅವುಗಳ ಬುಡಕ ನಿಂತು ಹಿಡದದ್ದು. ಮನಿಗೆ ತಂದು ಕಂಪ್ಯೂಟರಿನ್ಯಾಗ ಉದ್ದ ಎಳದೀನಿ, ಒಂದರ ಮ್ಯಾಲ ಒಂದು ಹಾಸೀನಿ.

ಇಂಥಾ ಸಂಗೀತ ಮಾಡೋ ಮಂದಿ ಎಲ್ಲಾ ದೇಶದಾಗೂ ಅದಾರ. ದೊಡ್ಡ ಕಂಪನಿಯವರಲ್ಲ, ಹೆಸರಾದವರಲ್ಲ. ಅಡಗಿಮನ್ಯಾಗ ಕುಂತು ಮಾಡಾಕಿ ಒಬ್ಬಾಕಿ, ನೌಕರಿ ಮುಗಸಿ ಬಂದು ಮಾಡಾಂವಾ ಒಬ್ಬಾಂವಾ. ಮಾಡ್ತಾರ, ಇಡ್ತಾರ, ಬೇಕಾದಾಂವಾ ಕೇಳ್ತಾನ. ಇದಕ್ಕ ಪಲ್ಲವಿ ಇಲ್ಲ, ತಾಳ ಇಲ್ಲ. ಸಿನಿಮಾ ಹಾಡಿನಂಗ ಕೊಳ್ಳಪಟ್ಟಿ ಹಿಡದು ನನ್ನ ಕೇಳು ಅನ್ನಂಗಿಲ್ಲ. ಬಾಜೂಕ ಬಂದು ಕುಂಡ್ರತೈತಿ, ನೀ ಮಾತಾಡಿಸಿದ್ರೂ ಆತು, ಬಿಟ್ರೂ ಆತು. ಅಪ್ಪ ಹೋದ ಮ್ಯಾಲ ಹುಲಕೋಟಿ ಬಸ್ಸಿನ್ಯಾಗ ಕುಂತು ಮೊದಲ ಸಲ ಇಂಥಾದ್ದೊಂದು ಕೇಳಿದೆ. ಎಷ್ಟು ದಿನದಿಂದ ಹಲ್ಲ ಕಡಕೊಂಡು ಕುಂತಿದ್ದೆ ಅನ್ನೋದು ಹಲ್ಲ ಬಿಟ್ಟಾಗ ಗೊತ್ತಾತು. ನನ್ನ ಸ್ಟಾಪ್ ದಾಟಿ ಹೋಗಿತ್ತು ಬಸ್ಸು.

ಈಗ ಹೇಳಿದಂಗ ಮಾಡು. ಅದರ ಮುಂದ ಪರೀಕ್ಷಾ ಬರ್ಯಾಕ ಕುಂತಂಗ ಕುಂಡ್ರಬ್ಯಾಡ. ಭಾಳ ಸಣ್ಣಗ ಹಚ್ಚು. ನಿನ್ನ ಜೀರುಂಡಿನ ಮುಚ್ಚಾಕ ಹೋಗಬ್ಯಾಡ. ಅದೂ ಕೇಳಲಿ, ಇದೂ ಕೇಳಲಿ, ಎರಡೂ ಒಂದ ಕಟ್ಟಿ ಮ್ಯಾಲ ಕುಂಡ್ರಲಿ. ನೀ ನಿನ್ನ ಟಾಕಾ ಹಾಕು, ದಿಂಬು ಹೊಲಿ. ಬ್ಯಾಸರಾದ್ರೂ ಬಿಡಬ್ಯಾಡ. ಬಿಟ್ಟಿ ಅಂತ ವೈನಿ ಹೇಳಿದ್ರ ಅದ ಬಸ್ಸಿಗೆ ನಾನ ಬಂದು ಇಳೀತೀನಿ, ನೋಡು ಮತ್ತ.

ಅಮೀರಾ


ಲಕ್ಷ್ಮೇಶ್ವರ
೧೪ ಫೆಬ್ರುವರಿ ೨೦೧೮

ನನ್ನ ಜಾಣ ತಂಗಿ ಅಮೀರಾ,

ನೀ ಗೆದ್ದಿ. ಬರದು ಕೊಟ್ಟೀನಿ, ಇಟ್ಟುಕೋ.

ಮೊದಲ ಒಂದು ವಾರ ಬ್ಯಾಸರಾತು. ಆದ್ರೂ ಮಧ್ಯಾಹ್ನ ಅಂಗಡ್ಯಾಗ ಡಬ್ಬಿ ಹಚ್ಚಿಟ್ಟು ಟಾಕಾ ಹಾಕ್ಕೋಂತ ಕುಂಡ್ರತಿದ್ದೆ. ಒಂದು ದಿನ ಏನಾತು, ಸೂಜಿ ಕೈಯಾಗ ಹಿಡಕೊಂಡು ಹಂಗ ಗಾದಿ ಮ್ಯಾಲ ಒರಗಿ ನಿದ್ದಿ! ಖರೆ ನಿದ್ದಿ, ಜೊಲ್ಲು ಸುರಿಯೋ ನಿದ್ದಿ. ಬಜಾರದ ಮಂದಿ ನೋಡಿಕೋಂತ ಹೋದ್ರಂತ. ಮಾಲಕನ ಇಷ್ಟು ಸುಖವಾಗಿ ಮಲಗ್ಯಾನ ಅಂದ್ರ ಮಾಲು ಛಲೋ ಇರಬೇಕು ಅಂತ ಒಬ್ಬಾಕಿ ಎರಡು ದಿಂಬು ಹೇಳಿ ಹೋದ್ಲು. ಮೆಹನಾಜ ಇನ್ನೂ ಅದನ್ನ ಹೇಳಿ ಹೇಳಿ ನಗ್ತಾಳ.

ಈಗ ದಿನಾ ನಿದ್ದಿ ಬರಾಕತ್ತೈತಿ. ಜೀರುಂಡಿ ಹೋಗಿಲ್ಲ, ಆದ್ರ ಅದರ ಜೋರು ಇಳದೈತಿ. ನೀ ಹೇಳಿದಂಗ ಎರಡೂ ಒಂದ ಕಟ್ಟಿ ಮ್ಯಾಲ ಕುಂತಾವು, ಜಗಳಿಲ್ಲ. ಡಾಕ್ಟರ್ ಹೇಳಿದ ಕಿವಿ ಮುಚ್ಚಗಿ ತಂದು ಹಾಕ್ಕೊಂಡು ಮಶೀನಿಗೂ ಕುಂಡ್ರಾಕತ್ತೀನಿ. ಹುಲಗಪ್ಪನ ಮಗಳ ಗಾದಿ, ದಿಂಬು ಎಲ್ಲಾ ಮುಟ್ಟಿಸಿ ಬಂದೆ, ಮದಿವೀನೂ ಛಲೋ ಆತು. ಹುಡುಗಿನ ಶಿರಹಟ್ಟಿಗೆ ಕೊಟ್ಟಾರ.

ಮತ್ತ ನಿನ್ನ ಸಂಗೀತ! ಮೊದಲ ಕೇಳಿದಾಗ ಆ ಆಡು, ಆ ಊಂ ಎಲ್ಲಾ ಕಿವಿ ಕೆದರತಿದ್ವು. ಈಗ ಹಚ್ಚಿದ್ರ ಅವು ಬರಂಗಿಲ್ಲ, ಛಲೋ ಆತು. ಹಿಂಜಿದ ಅರಳಿ ಹಾರಿ ಹಾರಿ ನೆಲಕ್ಕ ಬೀಳತೈತಲ್ಲ, ಅದಕ್ಕೊಂದು ಸಪ್ಪಳ ಇದ್ದಿದ್ರ ಹಿಂಗ ಇರ್ತಿತ್ತು ನೋಡು. ಸುರು ಇಲ್ಲ, ಕಡಿ ಇಲ್ಲ. ನನ್ನ ತಂಗಿ ತಲ್ಯಾಗ ಇಷ್ಟು ತಣ್ಣಂದು ಎಲ್ಲಿತ್ತು ಅಂತ ನನಗ ಸೋಜಿಗ. ಬಾಯಿ ನೋಡಿದ್ರ ಬೆಂಕಿ.

ಇಂತಿ ನಿನ್ನ ಅಣ್ಣ, ನಿದ್ದಿಗಣ್ಣಾಗ
ದಾದಾಪೀರ


ಬೆಟಗೇರಿ
೧೭ ಫೆಬ್ರುವರಿ ೨೦೧೮

ಅಣ್ಣಾ,

ಆಫೀಸಿನ್ಯಾಗ ನಿನ್ನ ಕಾಗದ ಓದಿ ಅತ್ತೆ. ಬಾಜೂಕಿನ ಕುರ್ಚಿ ಹನಮಂತವ್ವ ಯಾರು ಹೋದ್ರು ಅಂತ ಕೇಳಿದ್ಲು. ಯಾರೂ ಹೋಗಿಲ್ಲ, ನಮ್ಮಣ್ಣ ಮಲಗ್ಯಾನ ಅಂದೆ. ಹುಚ್ಚು ಹಿಡದೈತಿ ಅಂತ ತಿಳಕೊಂಡ್ಲು.

ಒಂದು ಮಾತ ಬೇಕಂತ ಮುಚ್ಚಿಟ್ಟಿದ್ದೆ, ನೀನಾಗಿ ಗುರ್ತು ಹಿಡೀತೀಯೇನು ನೋಡೂನು ಅಂತ. ಈಗ ತಡ್ಯಾಕ ಆಗಲೊಲ್ಲದು. ಆ ಕಾರ್ಡಿನ್ಯಾಗ ಅಪ್ಪನ ಬಿಲ್ಲು ಐತಿ. ಅಪ್ಪ ಹಾಸಿಗಿ ಹಿಡಿಯೂಕಿಂತ ಮೊದಲ ಒಂದು ಸಲ ಗ್ವಾಡಿ ಮ್ಯಾಲಿನ ಬಿಲ್ಲು ಇಳಸಿ ಮೀಟಿ ತೋರಿಸಿದ್ದ, ನೆನಪೈತೇನು? ಅದನ್ನ ಮೊಬೈಲಿನ್ಯಾಗ ಹಿಡದಿಟ್ಟಿದ್ದೆ. ಠೊಂಯ್ ಅನ್ನೋ ಆ ದನಿನ ಎಳದು ಎಳದು ಉದ್ದ ಮಾಡೀನಿ. ಎಲ್ಲಾ ಸಂಗೀತದ ಬುಡಕ್ಕ ಅದ ಐತಿ. ನಿನಗ ನಿದ್ದಿ ಕೊಟ್ಟದ್ದು ಅಪ್ಪ, ನಾನಲ್ಲ.

ಬಿಲ್ಲಿನ ದನಿ ಗುರ್ತು ಹತ್ತಿತೇನು? ಎಲ್ಲಿ ಹತ್ತಿತು? ಬರಿ, ಜಲ್ದಿ ಬರಿ.

ಅಮೀರಾ


ಲಕ್ಷ್ಮೇಶ್ವರ
೧ ಮಾರ್ಚ್ ೨೦೧೮

ಅಮೀರಾಗ ವೈನಿ ಮೆಹನಾಜಳ ಸಲಾಂ.

ನಿಮ್ಮಣ್ಣ ಉತ್ತರ ಬರ್ಯಾಕ ಒಲ್ಲೆ ಅಂತಾರ, ಅದಕ್ಕ ನಾ ಬರ್ಯಾಕತ್ತೀನಿ. ಫೋನಿನ್ಯಾಗ ಹೇಳೂನಂದ್ರ ಮುಂದ ಕುಂತಿರ್ತಾರ.

ನಿನ್ನ ಕಾಗದ ಓದಿ ಡಬ್ಬಿ ಹಚ್ಚಿ ಕುಂತ್ರು, ಬಿಲ್ಲು ಎಲ್ಲಿ ಬರತೈತಿ ಅಂತ. ಸಂಜಿತನಕ ಕುಂತ್ರು. ಬರಲಿಲ್ಲ. ಡಬ್ಬಿ ಹೊಳ್ಳಿಸಿ ನೋಡಿದ್ರ, ಅಮೀರಾ, ಅದರಾಗ ಕಾರ್ಡ್ ಇಲ್ಲ.

ಆಡಿನ ಗಂಟಿ ಕೇಳಿದ ದಿನಾನ ಕಾರ್ಡ್ ಕಿತ್ತಿದ್ರು. ನಾಜೂಕ ವಸ್ತು ಅಂದ್ರ ಅರಳ್ಯಾಗ ಸುತ್ತಿ ಇಡೂದು ಈ ಮನಿ ಚಾಳಿ, ನಿನಗೂ ಗೊತ್ತು. ಗಡಿಯಾರ ಆಗಲಿ, ಔಷಧದ ಬಾಟ್ಲಿ ಆಗಲಿ. ಅದನ್ನೂ ಹಂಗ ಅರಳ್ಯಾಗ ಸುತ್ತಿ ಕಟ್ಟಿ ಮ್ಯಾಲ ಇಟ್ರು. ಆಮ್ಯಾಲ ನಿನ್ನ ಕಾಗದ ಬಂದಾಗ ತಿರಗಿ ನಾ ಹಾಕೀನಿ ಅಂತ ಅವರು ತಿಳಕೊಂಡ್ರು, ಅವರು ಹಾಕ್ಯಾರ ಅಂತ ನಾ ತಿಳಕೊಂಡೆ. ಕಾರ್ಡ್ ಇಲ್ಲದ ಗುಂಡಿ ಒತ್ತಿದ್ರ ಅದು ರೇಡಿಯೋ ಅಕ್ಕೈತಂತ. ನಮ್ಮಲ್ಲಿ ಯಾವ ಸ್ಟೇಶನ್ನೂ ಹಿಡಿಯಂಗಿಲ್ಲ. ಬರೇ ಸುಂಯ್ ಅಂತೈತಿ. ಇಷ್ಟು ದಿನ ನಿನ್ನ ಸಂಗೀತ ಅಂತ ಕೇಳಿದ್ದು ಆ ಸುಂಯ್.

ಕಾರ್ಡ್ ಎಲ್ಲಿ ಅಂತ ಕೇಳಬ್ಯಾಡ. ಆ ಕಟ್ಟಿ ಮ್ಯಾಲಿನ ಅರಳೆಲ್ಲಾ ಹುಲಗಪ್ಪನ ಮಗಳ ದಿಂಬಿಗೆ ತುಂಬೀವಿ.

ನಾ ನಕ್ಕೆ. ಅವರು ನಗಲಿಲ್ಲ. ಅಪ್ಪನ ದನಿ ಕಳಿಸಿದ್ಲು, ನಾ ಅದನ್ನ ದಿಂಬಿಗೆ ತುರುಕಿ ಸುಂಯ್ ಅನ್ನೋದನ್ನ ಹೊಗಳಿದೆ, ಯಾವ ಮುಖ ಇಟ್ಟುಕೊಂಡು ಬರೀಲಿ ಅಂತಾರ. ಡಬ್ಬಿ ಬಂದ್ ಮಾಡಿ ಅಟ್ಟದ ಮ್ಯಾಲ ಇಟ್ಟಾರ. ಮತ್ತ ನಿದ್ದಿ ಇಲ್ಲ. ಮತ್ತ ಅದ ಸಿಟ್ಟು. ಯುಗಾದಿ ಮರುದಿನ ಟೆಂಪೋ ತಗೊಂಡು ಬಾ ಅಂತ ನೀಲಪ್ಪಗ ಹೇಳಿ ಬಂದಾರ. ನನ್ನ ಮಾತ ನಡಿಯಂಗಿಲ್ಲವಾ. ನಿಂದೇನರ ನಡೀತಿದ್ರ ನೋಡು.

ಮೆಹನಾಜ


ಬೆಟಗೇರಿ
೧೨ ಮಾರ್ಚ್ ೨೦೧೮

ಅಣ್ಣಾ,

ವೈನಿ ಎಲ್ಲಾ ಬರದಾರ. ಅವರ ಮ್ಯಾಲ ಸಿಟ್ಟಾಗಬ್ಯಾಡ.

ಸುಳ್ಳ ಯಾಕ ಹೇಳಲಿ, ಮೊದಲ ಹೊಟ್ಟಿ ಉರೀತು. ಇಷ್ಟು ವರ್ಷ ಗುಡ್ಡಾ ಹತ್ತಿ ಇಳದು, ಕಣ್ಣ ಕೆಂಪ ಮಾಡಿಕೊಂಡು ನಾ ಮಾಡಿದ್ದು ಒಂದ ದಿನಕ್ಕ ನಿನಗ ಸಾಕಾತು. ಯಾರೂ ಮಾಡದ ಸುಂಯ್ ಅನ್ನೋದು ನಿನ್ನ ಮಲಗಿಸಿತು! ಇನ್ನ ಸಂಗೀತ ಮುಟ್ಟಂಗಿಲ್ಲ ಅಂತ ಕಂಪ್ಯೂಟರಿಗೆ ಚಾದರ ಹೊಚ್ಚಿದೆ.

ಆಮ್ಯಾಲ ಹಟ ಬಂತು. ಅಂಥಾದ್ದೇನೈತಿ ಅದರಾಗ ಅಂತ ನಾನೂ ಒಂದು ರೇಡಿಯೋ ಹಚ್ಚಿ, ಸ್ಟೇಶನ್ ತಪ್ಪಿಸಿ, ಜ್ವಾಳಾ ಹಸನ ಮಾಡಿಕೋಂತ ಕುಂತೆ. ಕುಂತೆ, ಕುಂತೆ. ಅಣ್ಣಾ, ನೀ ಬರದದ್ದು ಖರೆ. ಅರಳಿ ಬಿದ್ದಂಗ ಐತಿ. ಅದು ನನ್ನ ಕಡೆಯಿಂದ ಏನೂ ಬೇಡಲಿಲ್ಲ. ನನ್ನ ಸಂಗೀತ ಬೇಡತಿತ್ತು. ಆಡು ನೋಡು, ಗಾಳಿ ನೋಡು, ಅಮೀರಾ ಎಷ್ಟು ಶಾಣ್ಯಾಕಿ ನೋಡು ಅಂತ. ಅಪ್ಪ ಅಂತಿದ್ನಲ್ಲ, ಅರಳಿ ಅತೀ ತುಂಬಿದ್ರ ಗಾದಿ ಕಲ್ಲಾಕ್ಕೈತಿ ಅಂತ. ನಾ ಅತೀ ತುಂಬಿದ್ದೆ.

ಚಾದರ ತಗದೆ. ಎಲ್ಲಾ ಹೊರಗ ಹಾಕಿದೆ. ಆಡು ಹೋತು, ಗಂಟಿ ಹೋತು. ನಿನ್ನ ಆ ಸುಂಯ್ ಅನ್ನೋದನ್ನ ಹಿಡದು ಹಾಸಿಗಿ ಹಾಸಿದಂಗ ಹಾಸಿ, ಅದರ ಕೆಳಗ ಗುಡ್ಡದ ಗಾಳಿ ಇದ್ದೂ ಇಲ್ಲದಂಗ ಇಟ್ಟೀನಿ. ಅಪ್ಪನ ಬಿಲ್ಲು ಒಂದ ಸಲ, ಉದ್ದ ಮಾಡದ, ಇದ್ದದ್ದು ಇದ್ದಂಗ. ಎಲ್ಲಿ ಅಂತ ಹೇಳಂಗಿಲ್ಲ.

ನಾಚಿಕಿ ಗೀಚಿಕಿ ಅಟ್ಟದ ಮ್ಯಾಲ ಇಡು, ಡಬ್ಬಿ ಕೆಳಗ ಇಳಸು. ಹೊಸಾ ಕಾರ್ಡ್ ಕಳಸೀನಿ. ಈ ಸಲ ವೈನಿ ಹಾಕಲಿ, ನೀ ಕಣ್ಣಾರೆ ನೋಡು, ಅರಳ್ಯಾಗ ಯಾರೂ ಸುತ್ತಬ್ಯಾಡ್ರಿ. ನೀಲಪ್ಪನ ಟೆಂಪೋ ಬರಾಕ ಇನ್ನೂ ದಿನ ಐತಿ. ನಾ ಸೋಲಾಕಿ ಅಲ್ಲ. ನೀನೂ ಶೇಖಸಾಬನ ಮಗಾ ಹೌದಿಲ್ಲೋ ನೋಡೂನು.

ಅಮೀರಾ


ಲಕ್ಷ್ಮೇಶ್ವರ
೨೦ ಮಾರ್ಚ್ ೨೦೧೮

ಅಮೀರಾ,

ಕಾರ್ಡ್ ಮುಟ್ಟಿತು. ಮೆಹನಾಜ ನನ್ನ ಮೂಗಿನ ಮುಂದ ಹಿಡದು, ನೋಡ್ರಿ, ಹಾಕಾಕತ್ತೀನಿ ನೋಡ್ರಿ, ಅಂತ ಹಾಕಿದ್ಲು. ನಿನ್ನ ಕಾಗದ ಓದಿ ಡಬ್ಬಿ ನಾನ ಅಟ್ಟದಿಂದ ಇಳಸಿದ್ದೆ. ಎರಡು ದಿನದಾಗ ನಿದ್ದಿ ತಿರಗಿ ಬಂತು. ಬಿಲ್ಲು ಮಾತ್ರ ಕೇಳಲಿಲ್ಲ. ಅದು ಬರೂದ್ರಾಗ ನಾ ಮಲಗಿರತಿದ್ದೆ, ನನ್ನ ನಿದ್ದಿ ಕೆಡತೈತಿ ಅಂತ ಮೆಹನಾಜ ಡಬ್ಬಿ ಬಂದ್ ಮಾಡತಿದ್ಲು.

ಯುಗಾದಿ ದಿನ ಹುಲಗಪ್ಪ ಹೋಳಿಗಿ ತಗೊಂಡು ಬಂದ. ಅಂವಾ ಹೇಳಿದ್ದು ಕೇಳು. ಪ್ರಿಯಾಂಕಾಗ ದಿಂಬಿನ್ಯಾಗ ಏನೋ ಚುಚ್ಚಿತಂತ, ಟಾಕಾ ಬಿಚ್ಚಿ ನೋಡಿದ್ರ ಕಾರ್ಡ್. ಮೊಬೈಲಿಗೆ ಹಾಕಿ ಕೇಳ್ಯಾಳ. ಹೊಸಾ ಮನಿ, ಹೊಸಾ ಮಂದಿ, ಹುಡುಗಿಗೆ ಮನಸ ಹತ್ತಿರಲಿಲ್ಲಂತ. ಆಡಿನ ಗಂಟಿ ಕೇಳಿ ಯಳವತ್ತಿ ಹಿತ್ತಲದಾಗ ಮಲಗಿದಂಗ ಅಕ್ಕೈತಿ ಅಂತಾಳಂತ. ಕೊಡವಾ ಅಂದ್ರ, ನನ್ನ ದಿಂಬಿನ್ಯಾಗ ಬಂದದ್ದು ನಂದು, ಕೊಡಂಗಿಲ್ಲ ಅಂದ್ಲಂತ. ನಿನ್ನ ಆಡು ಸುಳ್ಳ ಆಗಲಿಲ್ಲ ನೋಡು. ಅವಕ್ಕ ಬೇಕಾದಾಕಿ ಶಿರಹಟ್ಟ್ಯಾಗ ಇದ್ಲು.

ಹೋಳಿಗಿ ಉಂಡು, ಡಬ್ಬಿ ಹಚ್ಚಿ, ಅಂಗಡ್ಯಾಗ ಅಡ್ಡಾದೆ. ಮೆಹನಾಜ ಹುಲಗಪ್ಪನ್ನ ಕಳಿಸಾಕ ಹೋಗಿದ್ಲು, ಬಂದ್ ಮಾಡಾಕ ಯಾರೂ ಇದ್ದಿಲ್ಲ. ಗಾಢ ನಿದ್ದಿ. ಅದರಾಗ ಬಂತು, ಠೊಂಯ್.

ಅಮೀರಾ, ನಾ ಎದ್ದು ನಿಂತಿದ್ದೆ. ಎದ್ದೆಪ್ಪಾ ಎದ್ದೆ ಅಂತ ಒದರಿದ್ದೆ. ನೀ ಆವಾಗ ಸಣ್ಣಾಕಿ, ನಿನಗ ಗೊತ್ತಿಲ್ಲ. ಅಪ್ಪ ನನ್ನ ಒಂದು ದಿನಾನೂ ಹೆಸರ ಹಿಡದು ಎಬ್ಬಿಸಿದಾಂವಲ್ಲ. ಹೊತ್ತು ಮೂಡಿತು ಅಂದ್ರ ನನ್ನ ತಲಿದೆಸಿಗೆ ನಿಂತು ಬಿಲ್ಲು ಒಂದ ಸಲ ಮೀಟತಿದ್ದ. ಅಷ್ಟ. ಅದನ್ನ ಕೇಳಿ ಮಲಗಿದ್ರ ನಾ ಅವನ ಮಗಾನ ಅಲ್ಲ. ಎದ್ದಾಂವಾ ಏನ ಮಾಡ್ಲಿ ಅಂತ ಗೊತ್ತಾಗಲಿಲ್ಲ. ಗ್ವಾಡಿ ಮ್ಯಾಲಿನ ಬಿಲ್ಲು ನೋಡಿಕೋಂತ ನಿಂತು ಅತ್ತೆ. ಆಮ್ಯಾಲ ಕಿವಿ ಮುಚ್ಚಿಕೊಂಡು ಮಶೀನ್ ಚಾಲೂ ಮಾಡಿದೆ. ಹಬ್ಬದ ದಿನ ಏನ್ರಿ ಇದು ಅಂತ ಓಣಿ ಮಂದಿ ಬೈದ್ರಂತ. ನನಗೆಲ್ಲಿ ಕೇಳಬೇಕು.

ಮರುದಿನ ನೀಲಪ್ಪ ಟೆಂಪೋ ತಗೊಂಡು ಬಂದಾಗೂ ಮಶೀನ್ ನಡದಿತ್ತು. ಬಾಗಲದಾಗ ನಿಂತು ಭಾಳ ಹೊತ್ತು ಒದರಿದ್ನಂತ. ಮೆಹನಾಜ ಚಾ ಕೊಟ್ಟು, ಬೇವು ಬೆಲ್ಲ ಕೊಟ್ಟು, ಮಗಳ ಮದಿವಿ ಬಂದಾಗ ಗಾದಿಗೆ ಬರ್ರಿ ಅಂತ ಕಳಿಸಿದ್ಲು. ಲಗ್ನದ ಹಂಗಾಮ ಬಂತು, ನನಗೂ ಪುರಸತ್ತಿಲ್ಲ.

ಇನ್ನೊಂದು ಕಾರ್ಡ್ ಮಾಡಿ ಕಳಸು. ಮುಂಜಾನಿತನಕ ಬರೋವಷ್ಟು ಉದ್ದ ಮಾಡು. ನಡುವ ಏನೂ ಇಡಬ್ಯಾಡ. ಬಿಲ್ಲು ಕಡೀಕ ಇಡು, ಬೆಳಕ ಹರಿಯೂ ಹೊತ್ತಿಗೆ, ಒಂದ ಸಲ. ಮಲಗೂದು ನಾ ಮಲಗ್ತೀನಿ. ಎಬ್ಬಿಸೂದು ಅಪ್ಪನ ಎಬ್ಬಿಸಲಿ.

ನಿನ್ನ ಅಣ್ಣ
ದಾದಾಪೀರ